ಬ್ಯಾಡಗಿಯ ಒತ್ತು ತಪ್ಪಿದರೆ ಯಾರಿಗೆ ಹೇಳಬೇಕು?

ಬ್ಯಾಡಗಿಯಲ್ಲಿ ಬಕಾರಕ್ಕೆ ಯ ಒತ್ತು. ರಾಣೆಬೆನ್ನೂರಿನಲ್ಲಿ ನಕಾರಕ್ಕೆ ನ ಒತ್ತು, ಜೊತೆಗೆ ಉದ್ದನೆಯ ಕೊಂಬು. ಹಾವೇರಿಯ ವಕಾರಕ್ಕೆ ಎತ್ವ, ಅದರ ಬೆನ್ನಿಗೆ ದೀರ್ಘ. ಈ ಮೂರು ಊರುಗಳ ಹೆಸರು ಟೈಪಿಸಿ ನೋಡಿದರೆ ಕಂಪ್ಯೂಟರಿಗೆ ಕನ್ನಡ ಎಷ್ಟು ಬರುತ್ತದೆಂದು ಬಹುಪಾಲು ಗೊತ್ತಾಗುತ್ತದೆ. ಲಿನಕ್ಸ್‌ನಲ್ಲಿ ಅಕ್ಷರ ಜೋಡಿಸುವುದು ಹೆಚ್ಚಾಗಿ ಹಾರ್ಫ್‌ಬಜ್ ಎಂಬ ತಂತ್ರಾಂಶ, ರೂಪ ಕೊಡುವುದು ಫಾಂಟ್. ಎರಡರಲ್ಲಿ ಎಲ್ಲಿ ತಪ್ಪಿದರೂ ಒತ್ತು ಜಾಗ ಬಿಡುತ್ತದೆ.

ಅದನ್ನು ತಿದ್ದಲು ನಾಲ್ಕು ಸಾಲಿನ ಪ್ಯಾಚ್ ಸಾಕಾಗಬಹುದು. ಆದರೆ ಅದು ರಾಣೆಬೆನ್ನೂರಿನ ಡಿಟಿಪಿ ಅಂಗಡಿಯ ಪರದೆ ಮುಟ್ಟುವ ದಾರಿ ದೂರದ್ದು. ಲಿನಕ್ಸ್‌ನ ಒಂದು ವಿತರಣೆಯಾದ ಡೆಬಿಯನ್ ಅನ್ನೇ ತೆಗೆದುಕೊಳ್ಳಿ. ಅರವಿಂದ ವಿ.ಕೆ. ರೂಪಿಸಿದ ‘ನವಿಲು’ ಫಾಂಟನ್ನು ಅದರೊಳಗೆ ಸೇರಿಸಿದವರು ವಾಸುದೇವ ಕಾಮತ್. ಹೀಗೆ ಒಂದು ಪ್ಯಾಕೇಜಿನ ಹೊಣೆ ಹೊತ್ತವರೇ ಮೇಂಟೇನರ್. ಬಹಳಷ್ಟು ಮಂದಿ ಇದನ್ನು ಸಂಬಳವಿಲ್ಲದೆ ಮಾಡುತ್ತಾರೆ, ನಮ್ಮ ಭಾಷೆ ಅವರ ಋಣದಲ್ಲಿದೆ. ಅವರು ಒಪ್ಪಿದ ಪ್ಯಾಚ್ ಮೊದಲು ‘ಅನ್‌ಸ್ಟೇಬಲ್’ ಎಂಬ ಹಂತಕ್ಕೆ ಹೋಗುತ್ತದೆ. ಕೆಲವು ದಿನ ದೊಡ್ಡ ದೋಷ ಕಾಣದಿದ್ದರೆ ‘ಟೆಸ್ಟಿಂಗ್’ಗೆ. ಸುಮಾರು ಎರಡು ವರ್ಷಕ್ಕೊಮ್ಮೆ ಆ ಟೆಸ್ಟಿಂಗ್ ‘ಸ್ಟೇಬಲ್’ ಆಗಿ ಬಿಡುಗಡೆಯಾಗುತ್ತದೆ.

ಇಷ್ಟು ತಡವೇಕೆ? ಹಸಿ ಆರದ ಮೆಣಸಿನಕಾಯಿ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆಂದು ಬ್ಯಾಡಗಿ ಮಾರುಕಟ್ಟೆಗೆ ಬರುವ ಪ್ರತಿ ರೈತನಿಗೂ ಗೊತ್ತು. ತಂತ್ರಾಂಶದಲ್ಲೂ ಅಷ್ಟೇ ಎಂದು 2024ರ ಮಾರ್ಚ್‌ನಲ್ಲಿ ಗೊತ್ತಾಯಿತು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ವರ್ಷಗಟ್ಟಲೆ ನೆರವಾಗಿ, ನಂಬಿಕೆ ಗಳಿಸಿ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಮೇಂಟೇನರ್ ಆಗಿ, ಅದರೊಳಗೆ ಹಿಂಬಾಗಿಲು ಇಟ್ಟಿದ್ದರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಅಷ್ಟರಲ್ಲಿ ಅದು ಡೆಬಿಯನ್‌ನ ಟೆಸ್ಟಿಂಗ್ ತನಕ ಬಂದಿತ್ತು, ಸ್ಟೇಬಲ್ ಮುಟ್ಟಿರಲಿಲ್ಲ.

ಈ ಕಾಯುವಿಕೆ ಬೇಕು. ಆದರೆ ಕಾಯುವ ಹೊತ್ತಿನಲ್ಲಿ ಕನ್ನಡ ಓದುವ ಕಣ್ಣೂ ಅಲ್ಲಿರಬೇಕು. ಡೆಬಿಯನ್ 13 ಬಿಡುಗಡೆಯಾದದ್ದು 2025ರ ಆಗಸ್ಟ್ 9ರಂದು, ಅದಕ್ಕೆ ಫ್ರೀಜ್, ಅಂದರೆ ಬಿಡುಗಡೆಗೆ ಮುನ್ನ ಬದಲಾವಣೆಗಳಿಗೆ ಹಾಕುವ ತಡೆ, ಶುರುವಾದದ್ದು ಮಾರ್ಚ್‌ನಲ್ಲೇ. ಫ್ರೀಜ್ ಬಿಗಿಯಾದ ಮೇಲೆ ಬರುವ ತಿದ್ದುಪಡಿಗಳಿಗೆ ಬಿಡುಗಡೆ ತಂಡದ ಒಪ್ಪಿಗೆ ಬೇಕಾಗುತ್ತದೆ. ಒಂದು ಒತ್ತಕ್ಷರದ ತಪ್ಪಿಗೆ ಆಗ ಆ ಒಪ್ಪಿಗೆ ಸಿಗುವುದು ಕಷ್ಟ.

ಹಾವೇರಿ ಬಳಿಯ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಒಂದೇ ಒಂದು ಕಂಪ್ಯೂಟರಿಗೆ ಟೆಸ್ಟಿಂಗ್ ಹಾಕಿಟ್ಟರೂ ಸಾಕು. ತಪ್ಪು ಕಂಡ ದಿನವೇ ವಿದ್ಯಾರ್ಥಿಗಳು ಬಗ್ ವರದಿ ಬರೆಯಲಿ: ಪರದೆಯ ಚಿತ್ರ, ಬರಬೇಕಾದ ಸರಿ ರೂಪ, ಫಾಂಟಿನ ಹೆಸರು, ಆವೃತ್ತಿ. ‘ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂದಷ್ಟೇ ಬರೆದರೆ, ಕನ್ನಡ ಓದಲು ಬಾರದ ಮೇಂಟೇನರ್‌ಗೆ ಎಲ್ಲಿ ತಿದ್ದಬೇಕೆಂದೇ ತಿಳಿಯುವುದಿಲ್ಲ.