ಅಮ್ಮನ ಲೆಕ್ಕದಲ್ಲಿ ಐದು ವರ್ಷ ಹೆಚ್ಚು

ಅಮ್ಮನ ಪಿಎಫ್ ಅರ್ಜಿ ಎರಡನೇ ಸಲವೂ ವಾಪಸ್ ಬಂತು. ಆಧಾರ್‌ನಲ್ಲಿರುವ ಹುಟ್ಟಿದ ವರ್ಷಕ್ಕೂ ಕಾರ್ಖಾನೆಯ ದಾಖಲೆಗೂ ಐದು ವರ್ಷ ವ್ಯತ್ಯಾಸ. ನನ್ನ ಬಿ.ಇಡಿ ಫೀಸಿಗೆಂದು ನಂಬಿಕೊಂಡಿದ್ದ ಹಣವದು.

‘ಯಾರಮ್ಮ ಹಿಂಗೆ ಬರೆಸಿದ್ದು?’ ಎಂದು ರೇಗಿದೆ.

‘ನಾನೇ ಕಣೇ. ಹದಿಮೂರು ಅಂದಿದ್ರೆ ಒಳಕ್ಕೆ ಬಿಡ್ತಿದ್ರಾ? ಹದಿನೆಂಟು ಅನ್ನು ಅಂತ ಕರ್ಕೊಂಡು ಹೋದೋರು ಹೇಳಿಕೊಟ್ಟಿದ್ರು’ ಎಂದಳು.

ಆ ವರ್ಷ ಬಲಸಮುದ್ರದಲ್ಲಿ ಮಳೆ ಕೈಕೊಟ್ಟು ಕಡಲೆಕಾಯಿ ಗಿಡ ಹೊಲದಲ್ಲೇ ಒಣಗಿತ್ತಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಬೆಂಗಳೂರಿನ ಬಸ್ಸು ಹತ್ತಿದಳು. ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಕೆಲಸ. ದಿನವಿಡೀ ನಿಂತು ಅಂಗಿಗಳ ದಾರ ಕತ್ತರಿಸಬೇಕು. ತಪಾಸಣೆಗೆ ಯಾರಾದರೂ ಬಂದರೆ ಸಣ್ಣ ಹುಡುಗಿಯರನ್ನು ಗೋದಾಮಿಗೆ ಕಳಿಸುತ್ತಿದ್ದರಂತೆ.

ನಾನಾಗ ಸ್ಪರ್ಧಾತ್ಮಕ ಪರೀಕ್ಷೆಗೆಂದು ಕಾರ್ಮಿಕ ಕಾಯ್ದೆಗಳ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. 1881ರ ಕಾರ್ಖಾನೆ ಕಾಯ್ದೆ: ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸುವಂತಿಲ್ಲ, ಏಳರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ 9 ಗಂಟೆ. 1891: ಕನಿಷ್ಠ ವಯಸ್ಸು ಒಂಬತ್ತು, ಮಹಿಳೆಯರಿಗೆ 11 ಗಂಟೆ. 1948: ಕನಿಷ್ಠ ವಯಸ್ಸು ಹದಿನಾಲ್ಕು. ನನಗೆ ಇವೆಲ್ಲ ಒಂದೊಂದು ಅಂಕದ ಪ್ರಶ್ನೆಗಳಷ್ಟೇ ಆಗಿದ್ದವು. ಆ ರಾತ್ರಿ ಮತ್ತೆ ಓದಿದೆ. ಏಳು ವರ್ಷದ ಮಗು ಒಂಬತ್ತು ಗಂಟೆ ದುಡಿಯುವುದೇ ಅಂದಿನ ಸುಧಾರಣೆ! 1948ರ ಕಾಯ್ದೆ ಬಂದು ಸುಮಾರು ಐವತ್ತು ವರ್ಷವಾದ ಮೇಲೂ ಹದಿಮೂರರ ನನ್ನಮ್ಮ ಗೇಟು ದಾಟಿದ್ದಳು.

ದುಡಿಯುವವರು ಕೇಳದೆ ಸಿಕ್ಕಿದ್ದು ಕಡಿಮೆ. ಭಾನುವಾರದ ರಜೆಗಾಗಿ ಮುಂಬೈ ಗಿರಣಿಗಳ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆ ಅವರ ನೇತೃತ್ವದಲ್ಲಿ ಹೋರಾಡಿ, 1890ರಲ್ಲಿ ಪಡೆದರು. ತಮಿಳು, ತೆಲುಗು ಸೀಮೆಗಳಿಂದ ಕೋಲಾರದ ಚಿನ್ನದ ಗಣಿಗೆ ವಲಸೆ ಬಂದವರು 1930ರಲ್ಲಿ ತಮ್ಮ ಬೆರಳಚ್ಚು ಪಡೆಯುವುದರ ವಿರುದ್ಧ ಮುಷ್ಕರ ಹೂಡಿದರು. 2016ರ ಏಪ್ರಿಲ್‌ನಲ್ಲಿ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೆಂಗಳೂರಿನ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ಆ ಗುಂಪಿನಲ್ಲಿ ಅಮ್ಮನೂ ಇದ್ದಳು. ಅಂದು ಉಳಿಸಿಕೊಂಡ ಹಣಕ್ಕೆ ಈಗ ಅವಳ ಬಾಯಲ್ಲಿ ಹೇಳಿಸಿದ ವಯಸ್ಸೇ ಅಡ್ಡ ನಿಂತಿತ್ತು.

ವಯಸ್ಸು ತಿದ್ದಿಸಲು ಶಾಲೆಯ ದಾಖಲೆ ಬೇಕಿತ್ತು. ಇಬ್ಬರೂ ಊರಿನ ಶಾಲೆಗೆ ಹೋದೆವು. ಮೇಷ್ಟ್ರು ಹಳೇ ದಾಖಲಾತಿ ಪುಸ್ತಕದ ದೂಳು ಕೊಡವಿ ಹುಡುಕಿದರು. ಅಮ್ಮನ ಹೆಸರು, ಹುಟ್ಟಿದ ದಿನ, ಎಲ್ಲವೂ ಸರಿಯಾಗಿಯೇ ಇತ್ತು. ಅಮ್ಮ ಆ ಸಾಲಿನ ಮೇಲೆ ಬೆರಳಾಡಿಸಿ, ‘ಲೆಕ್ಕದಲ್ಲಿ ನಾನೇ ಫಸ್ಟು ಬರ್ತಿದ್ದೆ’ ಎಂದಳು. ನನಗದು ಗೊತ್ತೇ ಇರಲಿಲ್ಲ.

ಅರ್ಜಿ ಮತ್ತೆ ಹಾಕಿದ್ದೇವೆ. ಗೆಳೆಯರೇ, ಮೊದಲ ಕೆಲಸಕ್ಕೆ ಸೇರುವ ದಿನ ಸಂಬಳದ ಜೊತೆಗೆ ನಿಮ್ಮ ಜನ್ಮದಿನಾಂಕ ಏನೆಂದು ಬರೆದಿದ್ದಾರೆ ನೋಡಿಕೊಳ್ಳಿ. ಮನೆಯಲ್ಲಿ ದುಡಿಯುವ ಅಮ್ಮ ಇದ್ದರೆ, ಅವರು ಎಷ್ಟನೇ ವಯಸ್ಸಿಗೆ ದುಡಿಯತೊಡಗಿದರೆಂದು ಇವತ್ತೇ ಕೇಳಿ.