ತೆರೆಯ ಮೇಲೆ ಹುತಾತ್ಮ, ನೆಲದ ಮೇಲೆ ಜೀವಂತ

1997ರಲ್ಲಿ ಜೆ.ಪಿ. ದತ್ತಾ ನಿರ್ದೇಶನದ ‘ಬಾರ್ಡರ್’ ತೆರೆಕಂಡಾಗ ಚಿತ್ರಮಂದಿರದ ಕತ್ತಲಲ್ಲಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ. ಸುನೀಲ್ ಶೆಟ್ಟಿ ಅಭಿನಯಿಸಿದ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಣರಂಗದಲ್ಲಿ ಪ್ರಾಣ ತೆರುವ ದೃಶ್ಯ ಬಹುಕಾಲ ಮನಸ್ಸಿನಿಂದ ಮರೆಯಾಗಲಿಲ್ಲ. ಅದನ್ನೇ ನಾನು ಇತಿಹಾಸವೆಂದು ನಂಬಿದ್ದೆ. 2022ರ ಡಿಸೆಂಬರ್‌ನಲ್ಲಿ ಓದಿದ ಸುದ್ದಿಯೊಂದು ಆ ನಂಬಿಕೆಯನ್ನು ಅಲುಗಾಡಿಸಿತು: ಲೋಂಗೆವಾಲಾ ಕದನದ ಯೋಧ ಭೈರೋನ್ ಸಿಂಗ್ ರಾಠೋಡ್ ಜೋಧಪುರದಲ್ಲಿ ನಿಧನ.

ಅಂದರೆ ದೇಶವೇ ಅವರ ಸಾವಿಗೆ ಮರುಗುತ್ತಿದ್ದಾಗ ಅವರು ರಾಜಸ್ಥಾನದಲ್ಲಿ ಬದುಕಿದ್ದರು. ಅನಂತರವೂ 25 ವರ್ಷ ಬಾಳಿದರು. ಕಾಲ್ಪನಿಕ ಹೆಸರಿನ ಪಾತ್ರವಾಗಿದ್ದರೆ ಇದು ಚರ್ಚೆಯ ವಿಷಯವೇ ಆಗುತ್ತಿರಲಿಲ್ಲ. ಆದರೆ ಹೆಸರು ಅವರದು, ಠಾಣೆ ಅವರದು, ಸಾವು ಮಾತ್ರ ಚಿತ್ರಕಥೆಗಾರರದು.

ಲೋಂಗೆವಾಲಾದಲ್ಲಿ ನಿಜವಾಗಿ ನಡೆದುದೇನು? 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ನೇತೃತ್ವದ ಸುಮಾರು 120 ಮಂದಿಯ ತುಕಡಿಯ ಮೇಲೆ ಪಾಕಿಸ್ತಾನದ ಸುಮಾರು 2,000 ಸೈನಿಕರು ಹಾಗೂ 40ರಷ್ಟು ಟ್ಯಾಂಕುಗಳು ಏರಿಬಂದವು. ಮುಳ್ಳುತಂತಿಯನ್ನು ಕಂಡ ಶತ್ರುಪಡೆ ಮುಂದೆ ನೆಲಬಾಂಬುಗಳಿವೆಯೆಂದು ಶಂಕಿಸಿ ತಡೆದು ನಿಂತಿತು. ಟ್ಯಾಂಕುಗಳು ಮರಳಿನಲ್ಲಿ ಹೂತುಕೊಂಡವು. ನಮ್ಮ ಹಂಟರ್ ವಿಮಾನಗಳಿಗೆ ಇರುಳಿನಲ್ಲಿ ದಾಳಿ ನಡೆಸುವ ಸಾಮರ್ಥ್ಯವಿರಲಿಲ್ಲ; ಆದ್ದರಿಂದ ಬೆಳಗಾಗುವವರೆಗೆ ಠಾಣೆಯನ್ನು ಉಳಿಸಿಕೊಳ್ಳುವುದೇ ಆ ತುಕಡಿಯ ಕರ್ತವ್ಯವಾಗಿತ್ತು. ಮುಂಜಾವಿನಲ್ಲಿ ಜೈಸಲ್ಮೇರ್‌ನಿಂದ ಬಂದ ವಿಮಾನಗಳು ಬಯಲಲ್ಲಿ ಸಿಕ್ಕಿಬಿದ್ದ ಟ್ಯಾಂಕುಗಳನ್ನು ಒಂದೊಂದಾಗಿ ಧ್ವಂಸಗೊಳಿಸಿದವು. ನಮ್ಮ ತುಕಡಿಯಲ್ಲಿ ಮಡಿದವರು ಇಬ್ಬರು.

ಆ ಇಬ್ಬರೇ ಎಂಬ ಸಂಖ್ಯೆಯಲ್ಲೇ ಕದನದ ನಿಜವಾದ ಹಿರಿಮೆಯಿದೆ. ನಾಯಕನ ಸ್ಥೈರ್ಯ, ಯೋಧರ ಸಂಯಮ, ಭೂಸೇನೆ ಮತ್ತು ವಾಯುಪಡೆಯ ಹೊಂದಾಣಿಕೆ ಅಷ್ಟೊಂದು ಜೀವಗಳನ್ನು ಉಳಿಸಿದವು. ಚಿತ್ರವಾದರೋ ಹೆಣಗಳ ಸಾಲನ್ನೇ ತೋರಿಸಿತು. ಸಾಯದೆ ಗೆದ್ದವನು ಪ್ರೇಕ್ಷಕನ ಕಣ್ಣನ್ನು ತೇವಗೊಳಿಸಲಾರನೆಂದು ನಿರ್ಮಾಪಕರು ಭಾವಿಸಿದ್ದಿರಬಹುದು.

ಸಿನಿಮಾ ಪಠ್ಯಪುಸ್ತಕವಲ್ಲ, ನಿಜ. ಒಂದು ರಾತ್ರಿಯನ್ನು ಮೂರು ತಾಸುಗಳಿಗೆ ಹೊಂದಿಸುವವರು ಮಾತುಗಳನ್ನು ಕಲ್ಪಿಸಲೇಬೇಕು, ಘಟನೆಗಳನ್ನು ಹಿಂದುಮುಂದಾಗಿಸಲೇಬೇಕು. ಕಲೆಗೆ ಆ ಸ್ವಾತಂತ್ರ್ಯ ಬೇಡವೆನ್ನುವಷ್ಟು ಮಡಿವಂತ ನಾನಲ್ಲ. ಆದರೆ ನಿಜವಾದ ವ್ಯಕ್ತಿಯ ಹೆಸರನ್ನು ಬಳಸಿಕೊಂಡ ಮೇಲೆ ಅವನು ಬದುಕಿದನೇ, ಸತ್ತನೇ ಎಂಬುದು ನಿರ್ದೇಶಕನ ಇಚ್ಛೆಗೆ ಬಿಟ್ಟ ಸಂಗತಿಯಾಗಬಾರದು.

ಯುದ್ಧದ ಕುರಿತು ನಮ್ಮಲ್ಲಿ ಬಹುಮಂದಿ ಅರಿಯುವುದು ಪುಸ್ತಕಗಳಿಂದಲ್ಲ, ತೆರೆಯಿಂದ. ಸತ್ತವನನ್ನು ಮಾತ್ರ ವೀರನೆಂದು ಕೊಂಡಾಡುವ ಸಮಾಜ ಬದುಕಿ ಮರಳಿದ ಸೈನಿಕನ ಮನೆಬಾಗಿಲು ತಟ್ಟುವುದನ್ನು ಮರೆಯುತ್ತದೆ. ಭೈರೋನ್ ಸಿಂಗ್ ಜೀವಂತವಾಗಿದ್ದಾರೆಂದು ನಾನು ತಿಳಿದುಕೊಂಡದ್ದು ಅವರು ತೀರಿಕೊಂಡ ದಿನ. ಆ ತಪ್ಪಿನಲ್ಲಿ ಚಿತ್ರದ ಪಾಲಿರುವಂತೆ, ಚಿತ್ರವನ್ನೇ ಇತಿಹಾಸವೆಂದು ನಂಬಿ ಕುಳಿತ ನನ್ನ ಪಾಲೂ ಇದೆ.