ಪ್ಯಾನೆಲ್ಲಿನೊಳಗೆ ಖರ್ಚಾದ ಕರೆಂಟು

ರಾಯಲ್ಪಾಡು ಕಡೆಯ ಆಳವಾದ ಬೋರುಗಳಿಗೆ ಸೋಲಾರ್ ಪಂಪು ಸಾಕಾದೀತೇ ಎಂದು ಕೇಳುವ ಮಾವಿನ ತೋಟದವರು ಮೊದಲು ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ ಚೀಟಿ ಓದಬೇಕು. ಅಲ್ಲಿ 540 ವ್ಯಾಟ್ ಎಂದಿದ್ದರೆ ಅದು ಪ್ರಯೋಗಾಲಯದಲ್ಲಿ, ಕೋಶ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅಳೆದ ಲೆಕ್ಕ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಗಾಜಿನಡಿಯ ಕೋಶ 60 ಡಿಗ್ರಿ ಮುಟ್ಟುತ್ತದೆ. ಒಂದೊಂದು ಡಿಗ್ರಿ ಏರಿದಾಗಲೂ ಶೇ 0.35ರಿಂದ 0.4ರಷ್ಟು ಕರೆಂಟು ಕಡಿಮೆ. ಬೆಳಕು ಕೊಟ್ಟ ಬಿಸಿಲೇ ಎಂಟರಲ್ಲೊಂದು ಪಾಲು ಕಿತ್ತುಕೊಳ್ಳುತ್ತದೆ. ಹಾಗಾಗಿ 10 ಎಚ್‌ಪಿ ಮೋಟರಿಗೆ ಕಾಗದದ ಲೆಕ್ಕದಲ್ಲಿ 14 ಪ್ಯಾನೆಲ್ ಸಾಕೆನಿಸಿದರೂ 17 ಹಾಕುವುದು ಲೇಸು.

ಕೋಲಾರ ಜಿಲ್ಲೆಗೆ ಈ ಪಾಠ ಹಳೆಯದು. ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿದ 3 ಮೆಗಾವ್ಯಾಟ್ ಘಟಕ, ದೇಶದಲ್ಲಿ ಗ್ರಿಡ್ಡಿಗೆ ಜೋಡಿಸಿದ ಮೊದಮೊದಲ ಮೆಗಾವ್ಯಾಟ್ ಗಾತ್ರದ ಸೌರ ಘಟಕಗಳಲ್ಲೊಂದು. ಭಾರತೀಯ ವಿಜ್ಞಾನ ಸಂಸ್ಥೆಯವರು 2011ರ ವರದಿಗಾಗಿ ಅದರ ಉತ್ಪಾದನೆಯ ಲೆಕ್ಕ ಪರಿಶೀಲಿಸಿದಾಗ, ಕೋಶ ಕಾದಷ್ಟೂ ದಕ್ಷತೆ ಕುಸಿಯುವುದು ಕಂಡಿತ್ತು.

ಆಗ ದುಬಾರಿಯಾಗಿದ್ದ ಪ್ಯಾನೆಲ್ಲಿನ ಬೆಲೆ ಆಮೇಲೆ ಶೇ 90ಕ್ಕೂ ಹೆಚ್ಚು ಇಳಿಯಿತು. ಇಳಿಸಿದ್ದು ಯಾರು? ಉತ್ತರ ಸಿಲಿಕಾನ್ ತಯಾರಿಕೆಯಲ್ಲಿದೆ. ಬೆಣಚುಕಲ್ಲನ್ನು ಕಲ್ಲಿದ್ದಲಿನ ಜೊತೆ ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಒರಟು ಸಿಲಿಕಾನ್ ಸಿಗುತ್ತದೆ. ಅದನ್ನು ಅನಿಲವಾಗಿಸಿ, ಭಟ್ಟಿ ಇಳಿಸಿ, ಸಾವಿರ ಡಿಗ್ರಿ ಮೀರಿ ಕಾದ ಸರಳುಗಳ ಮೇಲೆ ಮತ್ತೆ ಘನವಾಗಿ ಕೂರಿಸಬೇಕು. ಆ ಶುದ್ಧ ಸಿಲಿಕಾನನ್ನು 1414 ಡಿಗ್ರಿಯಲ್ಲಿ ಪುನಃ ಕರಗಿಸಿ ದಿಂಡು ಎಳೆಯುತ್ತಾರೆ. ವಜ್ರದ ಪುಡಿ ಮೆತ್ತಿದ ತಂತಿಯಿಂದ ಅದನ್ನು ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಒಂದೊಂದೂ ಸುಮಾರು 0.15 ಮಿಲಿಮೀಟರ್, ಹಲಸಿನ ಹಪ್ಪಳಕ್ಕಿಂತ ತೆಳು. ಕರೆಂಟು ಹೆಚ್ಚು ಕುಡಿಯುವುದು ಈ ಹಂತಗಳೇ. ಬಿಲ್ಲೆಯನ್ನು ಕೋಶವಾಗಿಸಿದ ಮೇಲೆ ಗಾಜಿನಡಿ ಜೋಡಿಸುವುದು ಹೋಲಿಕೆಗೆ ಸುಲಭದ ಕೆಲಸ.

ಅಗ್ಗದ ಕರೆಂಟು ಸಿಗುವಲ್ಲಿಗೆ ಕುಲುಮೆಗಳು ಹೋದವು: ಚೀನಾದಲ್ಲಿ ಕಲ್ಲಿದ್ದಲಿನ ಷಿನ್‌ಜಿಯಾಂಗ್, ಜಲವಿದ್ಯುತ್ತಿನ ಯುನ್ನಾನ್. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2022ರ ವರದಿಯಂತೆ ತಯಾರಿಕೆಯ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇ 80ಕ್ಕಿಂತ ಹೆಚ್ಚು. ನನ್ನ ದೃಷ್ಟಿಯಲ್ಲಿ ಪ್ಯಾನೆಲ್ ವ್ಯಾಪಾರವೆಂದರೆ ಆಗಲೇ ಖರ್ಚಾದ ಕರೆಂಟಿನ ವ್ಯಾಪಾರ. ತಂತಿಯಲ್ಲಿ ಸಾಗಿಸಲಾಗದ್ದು ಹಡಗಿನ ಕಂಟೇನರಿನಲ್ಲಿ ಬರುತ್ತದೆ. ಮೋಸದ ವ್ಯಾಪಾರವೇನಲ್ಲ, ತಯಾರಿಗೆ ತಗಲಿದ ಶಕ್ತಿಯನ್ನು ಪ್ಯಾನೆಲ್ ನಮ್ಮ ಬಿಸಿಲಿನಲ್ಲಿ ವರ್ಷ, ಒಂದೂವರೆ ವರ್ಷದೊಳಗೆ ತೀರಿಸಿ, ಮುಂದೆ ಇಪ್ಪತ್ತು ವರ್ಷಕ್ಕೂ ಮೀರಿ ದುಡಿಯುತ್ತದೆ.

ಭಾರತ 2022ರ ಏಪ್ರಿಲ್‌ನಲ್ಲಿ ಆಮದು ಪ್ಯಾನೆಲ್ಲಿಗೆ ಶೇ 40, ಕೋಶಕ್ಕೆ ಶೇ 25 ಸುಂಕ ಹೇರಿತು. ಕೋಶ ತರಿಸಿ ಇಲ್ಲೇ ಜೋಡಿಸುವುದು ಲಾಭವಾಯಿತು, ಜೋಡಣೆ ಕಾರ್ಖಾನೆಗಳು ಹೆಚ್ಚಿದವು, ಅಮೆರಿಕಕ್ಕೆ ರಫ್ತೂ ಏರಿತು. ಗುಜರಾತಿನ ಮುಂದ್ರಾದಲ್ಲಿ ಈಗ ದಿಂಡು, ಬಿಲ್ಲೆಯ ಕೆಲಸವೂ ಶುರುವಾಗಿದೆ. ಕಚ್ಚಾ ಸರಕಾದ ಶುದ್ಧ ಸಿಲಿಕಾನ್ ಮಾತ್ರ ಬಹುಪಾಲು ಹೊರಗಿನಿಂದಲೇ ಬರಬೇಕು.